ತೊರಕೆ ಎಂಬ ಒಂದೇ ಲೆಕ್ಕ ಶೀರ್ಷಿಕೆ

ಕಳೆದ ವರ್ಷ ಲೆಕ್ಕಪರಿಶೋಧನೆಯ ಕಾಲದಲ್ಲಿ, ಒಣಮೀನಿನ ವ್ಯಾಪಾರ ನಡೆಸುವ ನನ್ನ ಕಕ್ಷಿದಾರರೊಬ್ಬರು ಖರೀದಿ ಚೀಟಿಗಳ ಕಟ್ಟೊಂದನ್ನು ನನ್ನ ಮುಂದಿಟ್ಟು ಒಂದು ಪ್ರಶ್ನೆ ಕೇಳಿದರು. ಚೀಟಿಗಳಲ್ಲಿ ಬಹುಪಾಲು ‘ತೊರಕೆ, ಮಿಶ್ರ’ ಎಂಬ ಎರಡೇ ಪದಗಳು, ಅವುಗಳ ಮುಂದೆ ತೂಕ, ದರ ಮತ್ತು ಮೊಬಲಗು. ತೂಕ ಸರಿಯಿತ್ತು, ದರ ಸರಿಯಿತ್ತು, ಬ್ಯಾಂಕಿನ ಪಾವತಿಯೊಡನೆ ತಾಳೆಯೂ ಆಗುತ್ತಿತ್ತು. ಅವರ ಪ್ರಶ್ನೆ ಬೇರೆಯದಾಗಿತ್ತು. ಈ ಮಿಶ್ರದೊಳಗೆ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪಟ್ಟಿಗೆ ಸೇರಿದ ಮೀನು ಒಂದಾದರೂ ಇದ್ದಿರಬಹುದೇ? ಇದ್ದರೆ ತಮ್ಮ ಹೊಣೆ ಎಷ್ಟು? ಮೊದಲನೆಯ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಮೀನು ಮಾರಾಟವಾಗಿ ತಿಂಗಳುಗಳು ಕಳೆದಿದ್ದವು, ಉಳಿದದ್ದು ಕಾಗದ ಮಾತ್ರ, ಕಾಗದವು ಏನನ್ನೂ ಹೇಳುವಂತಿರಲಿಲ್ಲ.

ಈ ಪತ್ರಿಕೆಯಲ್ಲಿ ತೆರಿಗೆ, ಸಾಲ, ರಫ್ತು ಕ್ರಮಗಳ ಬಗೆಗೆ ಬರೆಯುವುದು ನನ್ನಂತಹವರ ವಾಡಿಕೆ. ತೊರಕೆ ಮೀನಿನ ವಂಶವಾಹಿಗಳ ಬಗೆಗೆ ಬರೆಯಹೊರಟಿರುವುದನ್ನು ಕಂಡು ಸದಸ್ಯರು ಹುಬ್ಬೇರಿಸಬಹುದು. ಆದರೆ ಆ ಚೀಟಿಗಳ ನೆವದಿಂದ ನಾನು ಓದಿದಷ್ಟರಲ್ಲಿ ನನಗೆ ಮನದಟ್ಟಾದ ಸಂಗತಿ ಇಷ್ಟು: ಜಗತ್ತಿನ ಹಲವು ಕಡಲುಗಳಲ್ಲಿ ತೊರಕೆಗಳು ಅತಿ ಮೀನುಗಾರಿಕೆಯಿಂದ ನಶಿಸಿದವು, ಮತ್ತು ಅವು ನಶಿಸುತ್ತಿರುವುದು ಬಹುಕಾಲ ಯಾರ ಗಮನಕ್ಕೂ ಬಾರದೆ ಹೋದುದಕ್ಕೆ ಮುಖ್ಯ ಕಾರಣ ಲೆಕ್ಕ ಬರೆಯುವ ಕ್ರಮದಲ್ಲಿದ್ದ ದೋಷ. ಆ ದೋಷವನ್ನು ನಮ್ಮ ವೃತ್ತಿಯಲ್ಲಿ ನಾವು ಪ್ರತಿದಿನ ಕಾಣುತ್ತೇವೆ.

ಈ ಮಾತಿಗೆ ಅತ್ಯಂತ ಸ್ಪಷ್ಟವಾದ ನಿದರ್ಶನ ಯುರೋಪಿನದು. ಅಲ್ಲಿಂದಲೇ ಆರಂಭಿಸುವುದಕ್ಕೆ ಕಾರಣವಿದೆ. ಬಂದರಿಗೆ ಬಂದ ಮೀನಿನ ಲೆಕ್ಕವನ್ನು ದೀರ್ಘಕಾಲದಿಂದ ಶ್ರದ್ಧೆಯಿಂದ ಇಟ್ಟುಕೊಂಡು ಬಂದ ದೇಶಗಳು ಅವು. ಅಲ್ಲಿಯೇ ಹೀಗಾಯಿತೆಂದರೆ ಉಳಿದೆಡೆಯ ಪಾಡು ಊಹಿಸಬಹುದು. ಬ್ರಿಟನ್ ಮತ್ತು ಐರ್ಲೆಂಡ್ ನಡುವಿನ ಐರಿಶ್ ಸಮುದ್ರದಲ್ಲಿ ‘ಸಾಮಾನ್ಯ ಸ್ಕೇಟ್’ ಎಂಬ ದೊಡ್ಡ ತೊರಕೆಯೊಂದು ಒಂದು ಕಾಲಕ್ಕೆ ಹೆಸರಿಗೆ ತಕ್ಕಂತೆ ಸಾಮಾನ್ಯವಾಗಿಯೇ ಸಿಗುತ್ತಿತ್ತು. 1981ರಲ್ಲಿ ಕೀತ್ ಬ್ರಾಂಡರ್ ಎಂಬ ಮೀನುಗಾರಿಕಾ ವಿಜ್ಞಾನಿ ‘ನೇಚರ್’ ಪತ್ರಿಕೆಯಲ್ಲಿ ಒಂದು ಕಿರು ಪ್ರಬಂಧ ಪ್ರಕಟಿಸಿ, ಆ ಮೀನು ಐರಿಶ್ ಸಮುದ್ರದಿಂದ ಕಣ್ಮರೆಯಾಗಿದೆ ಎಂದು ತೋರಿಸಿದರು. ಅದನ್ನೇ ಗುರಿಯಾಗಿಟ್ಟು ಯಾರೂ ಹಿಡಿದಿರಲಿಲ್ಲ. ಬೇರೆ ಮೀನಿಗೆಂದು ತಳಕ್ಕೆ ಎಳೆದ ಬಲೆಗೆ ಅದೂ ಬರುತ್ತಿತ್ತು, ಬರುತ್ತ ಬರುತ್ತ ಮುಗಿದುಹೋಯಿತು.

ಲೆಕ್ಕಿಗನಾದ ನನ್ನ ಗಮನ ಸೆಳೆದದ್ದು ಅದರ ಮುಂದಿನ ಭಾಗ. 2000ನೆಯ ಇಸವಿಯಲ್ಲಿ ನಿಕೋಲಸ್ ಡಲ್ವಿ ಮತ್ತು ಸಹೋದ್ಯೋಗಿಗಳು ಅದೇ ಪ್ರದೇಶದ ತೊರಕೆಗಳ ಲೆಕ್ಕವನ್ನು ಪುನಃ ಪರಿಶೀಲಿಸಿದರು. ಬಂದರುಗಳಲ್ಲಿ ಎಲ್ಲ ತೊರಕೆಗಳನ್ನೂ ‘ಸ್ಕೇಟ್ ಮತ್ತು ರೇ’ ಎಂಬ ಒಂದೇ ಶೀರ್ಷಿಕೆಯಡಿ ಬರೆದುಕೊಳ್ಳುತ್ತಿದ್ದರು. ಆ ಒಟ್ಟು ಮೊತ್ತವು ದಶಕಗಳ ಕಾಲ ಹೆಚ್ಚುಕಡಿಮೆ ಸ್ಥಿರವಾಗಿಯೇ ಕಾಣುತ್ತಿತ್ತು. ಆ ಸ್ಥಿರತೆಯ ಒಳಗೆ ದೊಡ್ಡ ದೇಹದ ಮೂರು ಪ್ರಭೇದಗಳು ಐರಿಶ್ ಸಮುದ್ರದಿಂದ ಇಲ್ಲವಾಗಿದ್ದವು, ಬೇಗ ಬೆಳೆಯುವ ಸಣ್ಣ ಪ್ರಭೇದಗಳು ಅವುಗಳ ತೂಕವನ್ನು ತುಂಬಿಕೊಟ್ಟಿದ್ದವು. ಒಟ್ಟು ಮೊತ್ತ ನೋಡಿ ಸಮಾಧಾನಪಟ್ಟವರನ್ನು ದೂಷಿಸುವಂತಿಲ್ಲ, ಏಕೆಂದರೆ ಅವರಿಗೆ ಕೊಟ್ಟಿದ್ದೇ ಒಟ್ಟು ಮೊತ್ತ. ಇಷ್ಟಾದರೂ 1999ರಲ್ಲಿ ಉತ್ತರ ಸಮುದ್ರಕ್ಕೆ ಹಿಡುವಳಿಯ ಮಿತಿ ನಿಗದಿಪಡಿಸಿದಾಗ ಎಲ್ಲ ತೊರಕೆಗಳಿಗೂ ಸೇರಿಸಿ ಒಂದೇ ಮಿತಿ ಹಾಕಿದ್ದರು. ಪ್ರಭೇದವಾರು ವರದಿ ಕಡ್ಡಾಯವಾದದ್ದು ಆ ನಂತರದ ದಶಕದ ಕೊನೆಗೆ.

ಹಲವು ವರ್ಷಗಳ ಹಿಂದೆ ಮೂರು ಊರುಗಳಲ್ಲಿ ಶಾಖೆಗಳಿದ್ದ ಒಂದು ಸಂಸ್ಥೆಯ ಲೆಕ್ಕವನ್ನು ನಾನು ನೋಡುತ್ತಿದ್ದೆ. ಕ್ರೋಡೀಕೃತ ಲಾಭನಷ್ಟ ಪತ್ರಿಕೆಯಲ್ಲಿ ಪ್ರತಿವರ್ಷ ಸಾಧಾರಣ ಲಾಭ. ಶಾಖಾವಾರು ಲೆಕ್ಕ ತೆಗೆಯಲು ಮಾಲೀಕರಿಗೆ ಮನಸ್ಸಿರಲಿಲ್ಲ, ಅದೊಂದು ವ್ಯರ್ಥ ಖರ್ಚೆಂದು ಅವರ ಅಭಿಪ್ರಾಯ. ಕೊನೆಗೆ ಒಂದು ಶಾಖೆಯ ಬಾಗಿಲು ಮುಚ್ಚಿದ ದಿನ ತಿಳಿಯಿತು, ಅದು ನಾಲ್ಕು ವರ್ಷಗಳಿಂದ ತನ್ನ ಬಂಡವಾಳವನ್ನೇ ತಿನ್ನುತ್ತಿತ್ತು. ಉಳಿದೆರಡು ಶಾಖೆಗಳ ಲಾಭ ಅದನ್ನು ಮರೆಮಾಡಿತ್ತು. ಐರಿಶ್ ಸಮುದ್ರದ ವೃತ್ತಾಂತವನ್ನು ಓದುವಾಗ ಆ ಸಂಸ್ಥೆಯ ಅಢಾವೆ ಪತ್ರಿಕೆ ನನ್ನ ಕಣ್ಣ ಮುಂದೆ ಬಂದಿತು.

ಪ್ರಭೇದವಾರು ಬರೆದರೆ ಸಾಕಾಗುವುದೇ? ಸಾಲದು. ಇಲ್ಲಿಂದ ವಂಶವಾಹಿಗಳ ವಿಚಾರ ಪ್ರಾರಂಭವಾಗುತ್ತದೆ. ಅದೇ ‘ಸಾಮಾನ್ಯ ಸ್ಕೇಟ್’ ಎಂಬ ಮೀನನ್ನು ಫ್ರಾನ್ಸ್ ದೇಶದ ಸಾಮ್ಯುಯೆಲ್ ಇಗ್ಲೇಸಿಯಸ್ ಮತ್ತು ಸಂಗಡಿಗರು ಬಂದರುಗಳಲ್ಲಿ ಒಂದೊಂದಾಗಿ ಎತ್ತಿ ಅಳೆದು, ವಂಶವಾಹಿ ಪರೀಕ್ಷೆಗೂ ಒಳಪಡಿಸಿದಾಗ, ಅದು ಒಂದು ಮೀನಲ್ಲ, ಎರಡು ಎಂದು ಕಂಡುಬಂತು. 1926ರಲ್ಲಿ ಒಬ್ಬ ತಜ್ಞರು ಎರಡನ್ನೂ ಒಂದೇ ಹೆಸರಿನಡಿ ಸೇರಿಸಿಬಿಟ್ಟಿದ್ದರು. ಎಂಬತ್ತು ವರ್ಷಗಳಿಗೂ ಮಿಗಿಲಾಗಿ ಯಾರೂ ಆ ನಮೂದನ್ನು ಪ್ರಶ್ನಿಸಲಿಲ್ಲ. 2010ರಲ್ಲಿ ಈ ಫಲಿತಾಂಶವೂ, ಅದನ್ನು ಸಮರ್ಥಿಸುವ ಮತ್ತೊಂದು ಸ್ವತಂತ್ರ ವಂಶವಾಹಿ ಅಧ್ಯಯನವೂ ಪ್ರಕಟವಾದವು. ಒಂದು ಎರಡೂವರೆ ಮೀಟರಿಗೂ ಮೀರಿ ಬೆಳೆಯುವ, ನಿಧಾನವಾಗಿ ಪ್ರೌಢವಾಗುವ ‘ಫ್ಲ್ಯಾಪರ್ ಸ್ಕೇಟ್’, ಇಂದು ಮುಖ್ಯವಾಗಿ ಸ್ಕಾಟ್ಲೆಂಡಿನ ಕಡೆ ಉಳಿದಿರುವುದು. ಇನ್ನೊಂದು ಅದಕ್ಕಿಂತ ಬಹಳ ಚಿಕ್ಕದಾದ ‘ಬ್ಲೂ ಸ್ಕೇಟ್’, ಹೆಚ್ಚಾಗಿ ದಕ್ಷಿಣದ ಕೆಲ್ಟಿಕ್ ಸಮುದ್ರದ್ದು. ಇವುಗಳನ್ನು ಹಿಡಿದು ಇಳಿಸಬಾರದೆಂದು ಐರೋಪ್ಯ ಒಕ್ಕೂಟ ನಿಷೇಧ ಹೇರಿದ್ದು 2009ರಲ್ಲಿ. ಅಂದರೆ ನಿಷೇಧದ ಆದೇಶ ಹೊರಟಾಗ, ತಾನು ಯಾವ ಮೀನನ್ನು ನಿಷೇಧಿಸುತ್ತಿದ್ದೇನೆ ಎಂಬುದು ಆದೇಶಕ್ಕೇ ಪೂರ್ತಿ ತಿಳಿದಿರಲಿಲ್ಲ.

ಇನ್ನೂ ಒಂದು ಮೆಟ್ಟಿಲು ಕೆಳಗಿಳಿಯಬೇಕು. ಒಂದೇ ಪ್ರಭೇದದ ಒಳಗೂ ಪ್ರತ್ಯೇಕ ಸಮೂಹಗಳಿರುತ್ತವೆ. ಮೀನುಗಾರಿಕಾ ವಿಜ್ಞಾನಿಗಳು ಇಂಥ ಒಂದೊಂದು ಸಮೂಹಕ್ಕೆ ‘ಸ್ಟಾಕ್’ ಎನ್ನುತ್ತಾರೆ, ನಾವು ಗೋದಾಮಿನ ಸರಕಿಗೆ ಬಳಸುವ ಅದೇ ಪದ. ಒಂದು ಗೋದಾಮಿನ ಸರಕು ಮುಗಿದಾಗ ಇನ್ನೊಂದರಿಂದ ತಾನಾಗಿ ಬಂದು ತುಂಬುವುದೇ, ಇಲ್ಲವೇ ಎಂಬುದು ಇಲ್ಲಿನ ಪ್ರಶ್ನೆ. ಕಡಲಿನಲ್ಲಿ ಗೋಡೆಗಳಿಲ್ಲ, ಆದುದರಿಂದ ಎಲ್ಲವೂ ಒಂದೇ ಎಂದು ನಾವು ಭಾವಿಸುತ್ತೇವೆ. ಅದನ್ನು ಪರೀಕ್ಷಿಸುವ ಬಗೆ ವ್ಯಾಪಾರಸ್ಥರಿಗೆ ಸುಲಭವಾಗಿ ಅರ್ಥವಾಗುವಂಥದು. ಎರಡು ಉಗ್ರಾಣಗಳ ನಡುವೆ ಸರಕು ಸಾಗಾಟವಾಗುತ್ತಿದೆಯೇ ಎಂದು ತಿಳಿಯಬೇಕಾದರೆ ಪೆಟ್ಟಿಗೆಗಳ ಮೇಲಿನ ಬ್ಯಾಚ್ ಸಂಖ್ಯೆ ನೋಡುತ್ತೇವೆ. ಎರಡೂ ಕಡೆ ಅವೇ ಸಂಖ್ಯೆಗಳು ಅದೇ ಪ್ರಮಾಣದಲ್ಲಿದ್ದರೆ ಸಾಗಾಟವಿದೆ, ಇಲ್ಲವಾದರೆ ಇಲ್ಲ. ಮೀನಿನ ಡಿಎನ್ಎಯಲ್ಲಿ ಅಂತಹ ಬ್ಯಾಚ್ ಸಂಖ್ಯೆಯಂತೆ ವರ್ತಿಸುವ ತುಣುಕುಗಳಿವೆ. ಬೇರೆ ಬೇರೆ ತಾಣಗಳ ಮೀನುಗಳಲ್ಲಿ ಅವುಗಳ ಪ್ರಮಾಣವನ್ನು ಹೋಲಿಸಿ, ತಾಣಗಳ ನಡುವೆ ಸಂತಾನದ ಕೊಡುಕೊಳ್ಳುವಿಕೆ ಎಷ್ಟೆಂದು ಅಂದಾಜು ಮಾಡುತ್ತಾರೆ.

ಈ ವಿಧಾನದಿಂದ 2006ರಲ್ಲಿ ಯುರೋಪಿನ ಮುಳ್ಳು ತೊರಕೆಯನ್ನು ಪರಿಶೀಲಿಸಿದಾಗ ಮೆಡಿಟರೇನಿಯನ್ ಸಮುದ್ರದ ಸಮೂಹವೂ, ಅಟ್ಲಾಂಟಿಕ್ ನಡುವಿನ ಅಜೋರ್ಸ್ ದ್ವೀಪಗಳ ಸಮೂಹವೂ, ಯುರೋಪಿನ ಕರಾವಳಿಯ ಸಮೂಹವೂ ಸ್ಪಷ್ಟವಾಗಿ ಬೇರೆಯೆಂದು ಕಂಡುಬಂತು. ತಳದಲ್ಲಿ ಬದುಕುವ ಈ ಮೀನುಗಳಿಗೆ ನಡುವಿನ ಆಳವಾದ ನೀರೇ ಗೋಡೆ. 2022ರಲ್ಲಿ ಪ್ರಕಟವಾದ ಬ್ಲೂ ಸ್ಕೇಟ್ ಅಧ್ಯಯನದಲ್ಲಿಯೂ ಇದೇ ಸಂಗತಿ. ಕೆಲ್ಟಿಕ್ ಸಮುದ್ರದ ಸಮೂಹವೇ ಬೇರೆ, ದೂರದ ರಾಕಾಲ್ ಮತ್ತು ಫೆರೋ ದ್ವೀಪಗಳ ಕಡೆಯ ಸಮೂಹಗಳೇ ಬೇರೆ. ಕೆಲ್ಟಿಕ್ ಸಮುದ್ರದಲ್ಲಿ ಬರಿದಾದರೆ ರಾಕಾಲ್‌ನಿಂದ ಬಂದು ತುಂಬುವುದಿಲ್ಲ.

ಇದಕ್ಕಿಂತ ಸೂಕ್ಷ್ಮವಾದ ಸಂಗತಿಯೊಂದನ್ನು ಆಸ್ಟ್ರೇಲಿಯದ ಉತ್ತರ ಭಾಗದಲ್ಲಿ ಗರಗಸ ಮೀನಿನ ವಿಷಯದಲ್ಲಿ ಕಂಡುಕೊಂಡರು. ಗರಗಸ ಮೀನು ನೋಡಲು ಶಾರ್ಕಿನಂತಿದ್ದರೂ ಅದು ತೊರಕೆಗಳ ವರ್ಗಕ್ಕೇ ಸೇರಿದ್ದು. ಜೀವಕೋಶದೊಳಗಿನ ಮೈಟೋಕಾಂಡ್ರಿಯದ ಡಿಎನ್ಎ ತಾಯಿಯಿಂದ ಮಾತ್ರ ಬರುತ್ತದೆ, ಉಳಿದದ್ದು ತಂದೆತಾಯಿ ಇಬ್ಬರಿಂದಲೂ. ತಾಯಿಯ ಕಡೆಯ ಲೆಕ್ಕ ತೆಗೆದರೆ ಬೇರೆ ಬೇರೆ ಪ್ರದೇಶಗಳ ಗರಗಸ ಮೀನುಗಳು ಬೇರೆ ಬೇರೆ, ಇಬ್ಬರ ಕಡೆಯ ಲೆಕ್ಕ ತೆಗೆದರೆ ಒಂದೇ ಎಂಬಂತೆ ಕಂಡವು. ವ್ಯಾಖ್ಯಾನ ಹೀಗೆ: ಗಂಡುಗಳು ದೂರ ಸಂಚರಿಸುತ್ತವೆ, ಹೆಣ್ಣುಗಳು ಮರಿ ಹಾಕಲು ತಮ್ಮ ತವರಿಗೇ ಮರಳುತ್ತವೆ. ಹಾಗಿರುವಾಗ ಒಂದು ನದೀಮುಖದಲ್ಲಿ ಹೆಣ್ಣುಗಳು ಬಲೆಗೆ ಬಿದ್ದು ಮುಗಿದರೆ, ಎಷ್ಟು ಗಂಡುಗಳು ಬಂದುಹೋದರೂ ಆ ನದೀಮುಖ ತುಂಬದು. ತವರಿಲ್ಲದ ಮೇಲೆ ಬಾಣಂತನವೆಲ್ಲಿ!

ಈ ಅಧ್ಯಯನಗಳನ್ನು ಓದುವಾಗ ನಾನು ಮೊದಲು ಒಂದು ತಪ್ಪು ಮಾಡಿದೆ, ಸದಸ್ಯರೂ ಮಾಡಬಾರದೆಂದು ಹೇಳುತ್ತೇನೆ. ಎರಡು ತಾಣಗಳ ನಡುವೆ ವಂಶವಾಹಿಯ ವ್ಯತ್ಯಾಸ ಕಾಣಲಿಲ್ಲವೆಂದ ಮಾತ್ರಕ್ಕೆ ಅವೆರಡೂ ಒಂದೇ ದಾಸ್ತಾನು ಎಂದು ನಿರ್ಧರಿಸುವಂತಿಲ್ಲ. ತಲೆಮಾರಿಗೆ ಕೆಲವೇ ಮೀನುಗಳು ಈ ಗುಂಪಿನಿಂದ ಆ ಗುಂಪಿಗೆ ಹೋಗಿ ಸಂತಾನ ಪಡೆದರೂ ಸಾಕು, ಡಿಎನ್ಎಯ ಲೆಕ್ಕದಲ್ಲಿ ಎರಡೂ ಹೆಚ್ಚುಕಡಿಮೆ ಒಂದಾಗಿ ತೋರುತ್ತವೆ. ಎರಡು ಊರುಗಳ ನಡುವೆ ತಲೆಮಾರಿಗೆ ಒಂದೆರಡು ಮದುವೆಗಳಾದರೆ ನೆಂಟಸ್ತನ ಉಳಿಯುತ್ತದೆ. ಹಾಗೆಂದು ಒಂದು ಊರು ಬರದಿಂದ ಬರಿದಾದಾಗ ಇನ್ನೊಂದು ಊರಿನ ಜನ ಗುಳೆ ಬಂದು ಅದನ್ನು ತುಂಬುವರೆಂದು ಅರ್ಥವಲ್ಲ. ವ್ಯತ್ಯಾಸ ಕಂಡರೆ ಅದು ನಿಶ್ಚಿತ ಸಾಕ್ಷ್ಯ. ಕಾಣದಿದ್ದರೆ ಸಾಕ್ಷ್ಯ ಸಾಲದು ಎಂದಷ್ಟೇ. ಲೆಕ್ಕಪರಿಶೋಧನೆಯಲ್ಲಿ ‘ದೋಷ ಕಂಡುಬಂದಿಲ್ಲ’ ಎಂಬುದಕ್ಕೂ ‘ದೋಷವಿಲ್ಲ’ ಎಂಬುದಕ್ಕೂ ಇರುವ ಅಂತರವೇ ಇಲ್ಲಿಯೂ.

ಹಾಗೆಯೇ ವಂಶವಾಹಿಯ ವೈವಿಧ್ಯ ಉಳಿದಿದೆಯೆಂದರೆ ಮೀನಿನ ಸಂಖ್ಯೆಯೂ ಉಳಿದಿದೆ ಎಂದಲ್ಲ. ಅಮೆರಿಕದ ಫ್ಲಾರಿಡಾದ ಗರಗಸ ಮೀನು ತನ್ನ ಹಳೆಯ ನೆಲೆಯ ಬಹುಭಾಗವನ್ನು ಕಳೆದುಕೊಂಡಿದ್ದರೂ ವೈವಿಧ್ಯವನ್ನು ಗಣನೀಯವಾಗಿ ಉಳಿಸಿಕೊಂಡಿದೆಯೆಂದು 2011ರ ಅಧ್ಯಯನವೊಂದು ತಿಳಿಸಿತು. ತಲೆಮಾರು ದೀರ್ಘವಾಗಿರುವುದರಿಂದ ಆ ನಷ್ಟ ವಂಶವಾಹಿಯ ಪುಸ್ತಕಕ್ಕೆ ಬರಲು ತಡವಾಗುತ್ತದೆ. ಇದು ಸಮಾಧಾನದ ಸಂಗತಿಯೇ ಸರಿ: ಈಗಲೇ ಕೈತಡೆದರೆ ಚೇತರಿಸಿಕೊಳ್ಳಲು ಮೂಲಬಂಡವಾಳ ಇನ್ನೂ ಇದೆ.

ಬಂಡವಾಳ ಎಂಬ ಮಾತನ್ನು ನಾನು ಅಲಂಕಾರಕ್ಕಾಗಿ ಬಳಸುತ್ತಿಲ್ಲ. ನಮ್ಮ ಕರಾವಳಿಯ ಬೂತಾಯಿ ಒಂದು ಋತುವಿನಲ್ಲಿ ಹತ್ತಾರು ಸಾವಿರ ಮೊಟ್ಟೆ ಇಡುತ್ತದೆ, ಹುಟ್ಟಿದ ಮರಿ ವರ್ಷ ತುಂಬುವಷ್ಟರಲ್ಲಿ ಪ್ರೌಢವಾಗುತ್ತದೆ. ಬ್ರಾಂಡರ್ ಬರೆದ ಸ್ಕೇಟ್ ಪ್ರೌಢವಾಗಲು ಸುಮಾರು 11 ವರ್ಷ ಬೇಕು, ನಂತರ ವರ್ಷಕ್ಕೆ ಇಡುವ ಮೊಟ್ಟೆ ಸುಮಾರು 40. ಫ್ಲ್ಯಾಪರ್ ಸ್ಕೇಟ್‌ನ ಮೊಟ್ಟೆ ಒಡೆಯಲು ಸುಮಾರು ಒಂದೂವರೆ ವರ್ಷ ಬೇಕಾಗುತ್ತದೆ. ನಮ್ಮ ಕಡೆಯ ಬಾಲಮುಳ್ಳಿನ ತೊರಕೆಗಳೂ ಗಿಟಾರ್ ಮೀನುಗಳೂ ಮರಿಗಳನ್ನೇ ಹಾಕುತ್ತವೆ, ಅದೂ ಬೆರಳೆಣಿಕೆಯಷ್ಟು. ಮಾಂಟಾ ಮತ್ತು ಅದರ ಬಳಗದ ದೊಡ್ಡ ತೊರಕೆಗಳಿಗೆ ಒಂದು ಸಲಕ್ಕೆ ಸಾಮಾನ್ಯವಾಗಿ ಒಂದೇ ಮರಿ. ಇಷ್ಟು ಕಡಿಮೆ ಬಡ್ಡಿ ಬರುವ ಠೇವಣಿಯಿಂದ ಬೂತಾಯಿಯ ದರದಲ್ಲಿ ಹಣ ತೆಗೆಯುತ್ತ ಹೋದರೆ ಅಸಲು ಕರಗುವುದು ಅನಿವಾರ್ಯ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಮಳೆಗಾಲಕ್ಕೆ ಜಾರಿಯಲ್ಲಿರುವ 61 ದಿನಗಳ ಟ್ರಾಲ್ ನಿಷೇಧ ಬೂತಾಯಿ ಬಂಗುಡೆಗಳಿಗೆ ಉಪಕಾರಿ. ಹತ್ತು ವರ್ಷ ಬೆಳೆಯಬೇಕಾದ ಮೀನಿಗೆ ಎರಡು ತಿಂಗಳ ರಜೆಯಿಂದ ಅಷ್ಟು ಪ್ರಯೋಜನವಿರಲಾರದು.

ಈಗ ನಮ್ಮ ದಕ್ಕೆಗೆ ಬರೋಣ. ಮಂಗಳೂರು, ಮಲ್ಪೆ, ಗಂಗೊಳ್ಳಿ, ಕಾರವಾರ ಯಾವುದೇ ಆಗಲಿ, ‘ತೊರಕೆ’ ಎಂಬ ಹೆಸರಿನಡಿ ಏಲಂ ಆಗುವ ಮೀನುಗಳಲ್ಲಿ ಹಲವು ಕುಲಗಳಿವೆ. ಸಣ್ಣವು ಕಸ ಮೀನಿನ ರಾಶಿಯೊಡನೆ ಮೀನುಪುಡಿ ಕಾರ್ಖಾನೆಗೆ ಹೋಗುತ್ತವೆ, ಅಲ್ಲಿ ತೊರಕೆ ಎಂಬ ಹೆಸರೂ ಉಳಿಯುವುದಿಲ್ಲ. ಉಪ್ಪು ಹಾಕಿ ಒಣಗಿಸಿದ ಮೇಲೆ ಯಾವುದು ಯಾವುದೆಂದು ಹೇಳುವುದು ಅನುಭವಿಗಳಿಗೂ ಕಷ್ಟ. ಕಾಗದಪತ್ರಗಳಲ್ಲಿಯೂ ಪರಿಸ್ಥಿತಿ ಉತ್ತಮವಾಗಿಲ್ಲ. ಸೀಮಾಸುಂಕದ ಪಟ್ಟಿಯ ಮೂರನೆಯ ಅಧ್ಯಾಯದಲ್ಲಿ ತಾಜಾ ತೊರಕೆಗೆ 0302 82, ಶೈತ್ಯೀಕರಿಸಿದ್ದಕ್ಕೆ 0303 82 ಎಂಬ ಸಂಕೇತಗಳಿವೆ. ಆ ಶೀರ್ಷಿಕೆ ಹೆಸರಿಸುವುದು ‘ರಾಜಿಡೇ’ ಎಂಬ ಒಂದೇ ಕುಲವನ್ನು, ಅಂದರೆ ಯುರೋಪಿನ ಸ್ಕೇಟ್‌ಗಳ ಕುಲವನ್ನು. ನಮ್ಮ ಬಾಲಮುಳ್ಳಿನ ತೊರಕೆಗಳು ಆ ಕುಲಕ್ಕೆ ಸೇರಿದವೇ ಅಲ್ಲ.

ಕಾನೂನಿನ ಕಡೆ ನೋಡಿದರೆ ಇನ್ನಷ್ಟು ಆಶ್ಚರ್ಯ. 2001ರ ಜುಲೈನಲ್ಲಿ ಕೇಂದ್ರ ಸರ್ಕಾರ ಎಲ್ಲ ಶಾರ್ಕ್ ಮತ್ತು ತೊರಕೆಗಳನ್ನೂ ವನ್ಯಜೀವಿ ಕಾಯಿದೆಯ ಒಂದನೆಯ ಅನುಸೂಚಿಗೆ ಸೇರಿಸಿತು. ಮೀನುಗಾರರ ವಿರೋಧದ ನಂತರ ಅದೇ ಡಿಸೆಂಬರಿನಲ್ಲಿ ಪಟ್ಟಿಯನ್ನು ಹತ್ತು ಪ್ರಭೇದಗಳಿಗೆ ಇಳಿಸಲಾಯಿತು. ಆ ಹತ್ತರಲ್ಲಿ ಒಂದು ದೈತ್ಯ ಗಿಟಾರ್ ಮೀನು, ಪಟ್ಟಿಯಲ್ಲಿ ಬರೆದ ವೈಜ್ಞಾನಿಕ ಹೆಸರು ರಿಂಕೋಬೇಟಸ್ ಜಿಡ್ಡೆನ್ಸಿಸ್. ಹೆಸರಿನಲ್ಲಿಯೇ ಕೆಂಪು ಸಮುದ್ರದ ಜೆಡ್ಡಾ ಊರು ಇದೆ. ಮುಂದೆ ತಜ್ಞರು ಈ ಬಳಗವನ್ನು ದೇಹಲಕ್ಷಣ ಮತ್ತು ಡಿಎನ್ಎ ಎರಡರಿಂದಲೂ ಪುನಃ ವಿಂಗಡಿಸಿದಾಗ, ಜಿಡ್ಡೆನ್ಸಿಸ್ ಎಂಬುದು ಕೆಂಪು ಸಮುದ್ರ ಮತ್ತು ಆಫ್ರಿಕದ ಪೂರ್ವ ತೀರದ ಕಡೆಯದೆಂದೂ, ಭಾರತದ ನೀರಿನಲ್ಲಿರುವವು ಅದರ ಸೋದರ ಪ್ರಭೇದಗಳಾದ ಆಸ್ಟ್ರೇಲಿಯೇ ಮತ್ತು ಲೀವಿಸ್ ಎಂದೂ ಖಚಿತವಾಯಿತು. ನಾವು ಪಟ್ಟಿಯಲ್ಲಿ ಬರೆದದ್ದು ನಮ್ಮ ದಕ್ಕೆಗೆ ಬಾರದ ಮೀನಿನ ಹೆಸರನ್ನು! ಹೀಗೆ ಬರೆದುದರಿಂದ ನಮ್ಮ ಮೀನಿಗೆ ಖಚಿತ ರಕ್ಷಣೆ ದೊರಕಲಿಲ್ಲ, ನಮ್ಮ ವ್ಯಾಪಾರಿಗೆ ಖಚಿತ ನಿಯಮವೂ ದೊರಕಲಿಲ್ಲ. ಚುಕ್ಕೆಗಳ ಹಕ್ಕಿ ತೊರಕೆಯ ಕತೆಯೂ ಇಂಥದೇ. ಅಟ್ಲಾಂಟಿಕ್‌ನಿಂದ ಪೆಸಿಫಿಕ್‌ವರೆಗೆ ಒಂದೇ ಹೆಸರಿನಡಿ ಇದ್ದುದನ್ನು 2010ರಲ್ಲಿ ಬೇರ್ಪಡಿಸಿ, ನಮ್ಮ ಕಡೆಯದಕ್ಕೆ ಬೇರೆ ಹೆಸರು ಬಂದಿತು. ನಮ್ಮ ಹಳೆಯ ದಾಖಲೆಗಳು ಅಟ್ಲಾಂಟಿಕ್‌ನ ಹೆಸರಿನಲ್ಲಿವೆ.

ಈ ನಡುವೆ ಕಾನೂನು ಬಿಗಿಯಾಗುತ್ತ ಬಂದಿದೆ. 2015ರ ಫೆಬ್ರುವರಿಯಲ್ಲಿ ವಾಣಿಜ್ಯ ಸಚಿವಾಲಯ ಶಾರ್ಕ್ ರೆಕ್ಕೆಗಳ ರಫ್ತನ್ನು ನಿಷೇಧಿಸಿತು. 2022ರ ತಿದ್ದುಪಡಿ ಕಾಯಿದೆ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದು, ಪಟ್ಟಿಗಳಲ್ಲಿರುವ ಶಾರ್ಕ್ ಮತ್ತು ತೊರಕೆಗಳ ಸಂಖ್ಯೆಯನ್ನು ಹೆಚ್ಚಿಸಿತು. ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದವಾದ ಸೈಟಿಸ್‌ಗೆ ಒಳಪಟ್ಟ ಪ್ರಭೇದಗಳಿಗೆ ಪ್ರತ್ಯೇಕ ಅನುಸೂಚಿಯೂ ಬಂದಿತು. ಒಂದನೆಯ ಅನುಸೂಚಿಯ ಪ್ರಾಣಿಯ ವಿಷಯದಲ್ಲಿ ಅಪರಾಧ ಸಾಬೀತಾದರೆ 3ರಿಂದ 7 ವರ್ಷಗಳ ಸೆರೆವಾಸ, ಕನಿಷ್ಠ 25,000 ರೂಪಾಯಿ ದಂಡ. ಸೈಟಿಸ್ ಪಟ್ಟಿಯೂ ಸಭೆಯಿಂದ ಸಭೆಗೆ ಬೆಳೆಯುತ್ತಿದೆ: 2013ರಲ್ಲಿ ಮಾಂಟಾ, 2016ರಲ್ಲಿ ಅದರ ಬಳಗದ ಇತರ ತೊರಕೆಗಳು, 2019ರಲ್ಲಿ ದೈತ್ಯ ಗಿಟಾರ್ ಮೀನುಗಳು, 2022ರಲ್ಲಿ ಉಳಿದ ಗಿಟಾರ್ ಮೀನುಗಳು. 2025ರ ಕೊನೆಯಲ್ಲಿ ಸಮರ್ಕಂದ್‌ನಲ್ಲಿ ನಡೆದ ಸಭೆ ಮಾಂಟಾ ಬಳಗವನ್ನೆಲ್ಲ ವಾಣಿಜ್ಯ ವ್ಯಾಪಾರಕ್ಕೆ ಅವಕಾಶವಿಲ್ಲದ ಮೊದಲನೆಯ ಪಟ್ಟಿಗೆ ಏರಿಸಲು ನಿರ್ಧರಿಸಿತು. ಎರಡನೆಯ ಪಟ್ಟಿಯಲ್ಲಿರುವ ಮೀನನ್ನು ರಫ್ತು ಮಾಡಬೇಕಾದರೆ, ಈ ವ್ಯಾಪಾರದಿಂದ ಆ ಪ್ರಭೇದದ ಉಳಿವಿಗೆ ಧಕ್ಕೆಯಿಲ್ಲವೆಂದು ದೇಶದ ವೈಜ್ಞಾನಿಕ ಪ್ರಾಧಿಕಾರ ಅಭಿಪ್ರಾಯ ಕೊಡಬೇಕು. ‘ತೊರಕೆ, ಮಿಶ್ರ’ ಎಂಬ ಚೀಟಿಗಳ ಕಟ್ಟಿನಿಂದ ಅಂತಹ ಅಭಿಪ್ರಾಯವನ್ನು ಯಾವ ಪ್ರಾಧಿಕಾರವೂ ಕೊಡಲಾರದು. ಲೆಕ್ಕವಿಲ್ಲದ ವಸ್ತುವಿಗೆ ನಿಷೇಧವೊಂದೇ ಸುಲಭ ಮಾರ್ಗ, ಮತ್ತು ನಿಷೇಧ ಬಂದಾಗ ಮೊದಲು ಕೈಸುಟ್ಟುಕೊಳ್ಳುವವರು ಏಲಂನಲ್ಲಿ ನಿಂತು ಖರೀದಿಸುವ ಸಣ್ಣ ವ್ಯಾಪಾರಿಗಳು.

ಆದುದರಿಂದ ಪ್ರಭೇದವಾರು ಚೀಟಿ ನಮ್ಮ ಸ್ವಂತ ರಕ್ಷಣೆಗೇ ಬೇಕು ಎಂಬುದು ನನ್ನ ನಿಲುವು. ಇದಕ್ಕೆ ಆಕ್ಷೇಪಗಳು ಬರುತ್ತವೆ, ಬಂದಿವೆ ಕೂಡ. ಮೊದಲನೆಯದು, ಏಲಂನ ಗಡಿಬಿಡಿಯಲ್ಲಿ ಮೀನಿನ ಕುಲಗೋತ್ರ ವಿಚಾರಿಸಲು ಪುರುಸೊತ್ತೆಲ್ಲಿ ಎಂಬುದು. ಆಕ್ಷೇಪ ನ್ಯಾಯವಾದದ್ದೇ. ಆದರೆ ಹಕ್ಕಿ ತೊರಕೆಯನ್ನೂ ಚುಕ್ಕೆ ತೊರಕೆಯನ್ನೂ ಗಿಟಾರ್ ಮೀನನ್ನೂ ನಮ್ಮ ಮೀನುಗಾರ ಹೆಂಗಸರು ಕಣ್ಣುಮುಚ್ಚಿ ಬೇರ್ಪಡಿಸಬಲ್ಲರು, ದರವೂ ಬೇರೆಯೇ. ಗೊತ್ತಿರುವುದನ್ನು ಬರೆಯದಿರುವುದೇ ನಮ್ಮ ತೊಡಕು. ಬರಿಗಣ್ಣಿಗೆ ಬೇರ್ಪಡದ ಸೋದರ ಪ್ರಭೇದಗಳಿಗೆ ಮಾತ್ರ ಪ್ರಯೋಗಾಲಯ ಬೇಕು. ಉಗುರಿನಷ್ಟು ರೆಕ್ಕೆಯ ತುಂಡನ್ನು ಆಲ್ಕೋಹಾಲಿನಲ್ಲಿಟ್ಟು ಕಳಿಸಿದರೆ, ಸುಮಾರು 650 ಅಕ್ಷರಗಳ ಒಂದು ಡಿಎನ್ಎ ತುಣುಕನ್ನು ಓದಿ ಪ್ರಭೇದ ಹೇಳುತ್ತಾರೆ. ಪ್ರತಿ ಮೀನಿಗೆ ಇದು ಅನಗತ್ಯ. ನಾವು ಲೆಕ್ಕಪರಿಶೋಧನೆಯಲ್ಲಿ ಪ್ರತಿ ವೋಚರನ್ನೂ ನೋಡುತ್ತೇವೆಯೇ? ಮಾದರಿ ಪರೀಕ್ಷೆ ಸಾಕು.

ಎರಡನೆಯ ಆಕ್ಷೇಪ ತಾಂಡೇಲರದು: ತೊರಕೆಯನ್ನು ನಾವು ಕರೆದಿಲ್ಲ, ಅದೇ ಬಲೆಗೆ ಬರುತ್ತದೆ. ಐರಿಶ್ ಸಮುದ್ರದವರೂ ಹೀಗೆಯೇ ಹೇಳುತ್ತಿದ್ದಿರಬೇಕು. ಇದಕ್ಕೆ ನನ್ನಲ್ಲಿ ಸಿದ್ಧ ಉತ್ತರವಿಲ್ಲ. ಜೀವಂತ ಬಂದದ್ದನ್ನು ಮರಳಿ ಬಿಡಬಹುದು, ಆದರೆ ಗಂಟೆಗಟ್ಟಲೆ ಎಳೆದ ಟ್ರಾಲಿನಲ್ಲಿ ಎಲ್ಲವೂ ಜೀವಂತ ಬರುವುದಿಲ್ಲ. ಎಲ್ಲಿ ಹೆಚ್ಚು ಬರುತ್ತದೆ, ಎಲ್ಲಿ ಮರಿಗಳೇ ಬರುತ್ತವೆ ಎಂದು ಗೊತ್ತಾದರೆ ಆ ಒಂದು ತುಂಡು ಜಾಗವನ್ನು ಬಿಡಬಹುದು. ಸ್ಕಾಟ್ಲೆಂಡಿನಲ್ಲಿ ಹಾಗೆಯೇ ಮಾಡಿದರು. ಫ್ಲ್ಯಾಪರ್ ಸ್ಕೇಟ್‌ಗಳಲ್ಲಿ ಹಲವು ಒಂದೇ ತಾಣಕ್ಕೆ ಅಂಟಿಕೊಂಡಿರುತ್ತವೆ ಎಂದು ಗುರುತುಪಟ್ಟಿ ಕಟ್ಟಿ ತಿಳಿದುಕೊಂಡು, 2014ರಲ್ಲಿ ಲಾಕ್ ಸುನಾರ್ಟ್‌ನಿಂದ ಜೂರಾ ಜಲಸಂಧಿಯವರೆಗಿನ ಪ್ರದೇಶವನ್ನು ರಕ್ಷಿತವೆಂದು ಘೋಷಿಸಿದರು. ಅದು ಮೊಟ್ಟೆಯಿಡುವ ಇನ್ನೊಂದು ತಾಣ ಮುಳುಗುಗಾರರ ಕಣ್ಣಿಗೆ ಬಿದ್ದಾಗ, 2021ರಲ್ಲಿ ಅದನ್ನೂ ತುರ್ತಾಗಿ ಸೇರಿಸಿದರು. ಇಡೀ ಕಡಲನ್ನು ಮುಚ್ಚುವ ಅಗತ್ಯ ಬೀಳಲಿಲ್ಲ. ಯಾವ ಶಾಖೆ ನಷ್ಟದಲ್ಲಿದೆಯೆಂದು ಗೊತ್ತಿದ್ದವನಿಗೆ ಆ ಶಾಖೆಯೊಂದನ್ನೇ ಸರಿಪಡಿಸಿದರೆ ಸಾಕು.

ಇಲ್ಲಿಯೇ ನಮ್ಮ ಚೀಟಿಯ ಇನ್ನೊಂದು ಕೊರತೆ ಎದ್ದುಕಾಣುತ್ತದೆ. ನಮ್ಮ ಆಳಸಮುದ್ರ ದೋಣಿಗಳು ವಾರಕ್ಕೂ ಮಿಗಿಲಾಗಿ ಕಡಲಿನಲ್ಲಿದ್ದು, ಗೋವಾ ಮಹಾರಾಷ್ಟ್ರದ ಎದುರಿನವರೆಗೂ ಇತ್ತ ಕೇರಳದ ಎದುರಿನವರೆಗೂ ಹೋಗಿಬರುತ್ತವೆ. ಚೀಟಿಯಲ್ಲಿ ‘ಮಲ್ಪೆ’ ಎಂದಿದ್ದರೆ ಅದು ಮೀನು ಇಳಿದ ಊರು, ಹಿಡಿದ ಜಾಗವಲ್ಲ. 2017ರಲ್ಲಿ ಸರಕು ಮತ್ತು ಸೇವಾ ತೆರಿಗೆ ಬಂದಾಗ ಬಿಲ್ ಬರೆದ ಸ್ಥಳ ಬೇರೆ, ಪೂರೈಕೆಯ ಸ್ಥಳ ಬೇರೆ ಎಂಬುದನ್ನು ಕಲಿಯಲು ನಾವೆಲ್ಲ ಪಟ್ಟ ಪಾಡು ಸದಸ್ಯರಿಗೆ ನೆನಪಿರಬಹುದು. ಮೀನಿನ ಸಮೂಹಗಳ ಲೆಕ್ಕಕ್ಕೂ ಹಿಡಿದ ಜಾಗವೇ ಆಧಾರ. ಅದಿಲ್ಲದೆ ನಾಳೆ ವಿಜ್ಞಾನಿಗಳು ಅರಬ್ಬೀ ಸಮುದ್ರದ ಯಾವುದಾದರೂ ತೊರಕೆಯಲ್ಲಿ ಎರಡು ಸಮೂಹಗಳಿವೆಯೆಂದು ತೋರಿಸಿಕೊಟ್ಟರೂ, ಯಾವ ಸಮೂಹದಿಂದ ನಾವೆಷ್ಟು ತೆಗೆದೆವೆಂದು ಹೇಳಲು ನಮ್ಮಲ್ಲಿ ಪುಸ್ತಕವೇ ಇರುವುದಿಲ್ಲ. ದೋಣಿಗಳಲ್ಲಿ ಜಿಪಿಎಸ್ ಇದೆ, ಜಾಗ ತಾಂಡೇಲರಿಗೆ ಗೊತ್ತಿದೆ. ಹೇಳಲು ಹಿಂಜರಿಕೆಗೆ ಕಾರಣವೂ ಇದೆ, ಒಳ್ಳೆಯ ಜಾಗ ಎಂದರೆ ಅವರ ಪಾಲಿಗೆ ವ್ಯಾಪಾರ ರಹಸ್ಯ. ಕಡಲನ್ನು ದೊಡ್ಡ ಚೌಕಗಳಾಗಿ ವಿಂಗಡಿಸಿ ಚೌಕದ ಸಂಖ್ಯೆಯಷ್ಟನ್ನೇ ಬರೆದರೆ ರಹಸ್ಯವೂ ಉಳಿಯುತ್ತದೆ.

ನಮ್ಮ ವಾಣಿಜ್ಯ ಸಂಸ್ಥೆಯು ಮೀನುಗಾರಿಕಾ ಇಲಾಖೆ ಮತ್ತು ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಮಂಗಳೂರು ಕೇಂದ್ರದೊಡನೆ ಕುಳಿತು, ಚಿತ್ರಸಹಿತವಾದ ಒಂದು ಸರಳ ಏಲಂ ಚೀಟಿಯನ್ನು ರೂಪಿಸಬೇಕೆಂದು ಕಾರ್ಯಕಾರಿ ಸಮಿತಿಗೆ ಈಗಾಗಲೇ ಲಿಖಿತ ಮನವಿ ಕೊಟ್ಟಿದ್ದೇನೆ. ಪಟ್ಟಿಯಲ್ಲಿರುವ ಮೀನು ತಿಳಿಯದೆ ಬಲೆಗೆ ಬಂದಾಗ ಅದನ್ನು ಪ್ರಾಮಾಣಿಕವಾಗಿ ಬರೆದು ತಿಳಿಸಿದವನ ಮೇಲೆಯೇ ಮೊಕದ್ದಮೆ ಹೂಡದಂತೆ ಸ್ಪಷ್ಟ ಕಾರ್ಯವಿಧಾನ ಬೇಕೆಂಬುದೂ ಆ ಮನವಿಯಲ್ಲಿದೆ. ಅದಿಲ್ಲದೆ ಯಾರೂ ನಿಜ ಬರೆಯಲಾರರು. ನನ್ನ ಕಕ್ಷಿದಾರರು ಸಮಿತಿಯ ತೀರ್ಮಾನಕ್ಕೆ ಕಾಯದೆ ಈ ಋತುವಿನಿಂದ ತಮ್ಮದೇ ಚೀಟಿ ಮುದ್ರಿಸಿಕೊಂಡಿದ್ದಾರೆ. ‘ಮಿಶ್ರ’ ಎಂಬ ಪದವನ್ನು ಅದರಿಂದ ತೆಗೆದುಹಾಕಿ ಆರು ಹೆಸರುಗಳನ್ನೂ ಅವುಗಳ ರೇಖಾಚಿತ್ರಗಳನ್ನೂ ಹಾಕಿದ್ದಾರೆ. ಮೊದಲ ವಾರ ಏಲಂನವರು ನಕ್ಕರಂತೆ, ಈಗ ಅವರೇ ಕೇಳಿ ತುಂಬುತ್ತಾರೆ. ‘ಹಿಡಿದ ಜಾಗ’ ಎಂಬ ಅಂಕಣ ಮಾತ್ರ ಇನ್ನೂ ಬಹುತೇಕ ಖಾಲಿಯೇ ಬರುತ್ತಿದೆ.